ಮೂರು ಮಳೆಗಾಲ ಅಟ್ಟದಲ್ಲಿ ಮಲಗಿದ್ದ ಚೈನ್ ಸಾ: ಕಾರ್ಬೊರೇಟರ್ ತೊಳೆದು ಟ್ಯೂನ್ ಮಾಡುವ ಬಗೆ

ಕಾಫಿ ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಶುರುವಾಗುವ ಹೊತ್ತಿಗೆ ಅಟ್ಟದಿಂದ ಮಿಷನ್ ಇಳಿಸುತ್ತೇವೆ. ಹಗ್ಗ ಎಳೆಯುತ್ತೇವೆ. ಹತ್ತು ಸಲ, ಇಪ್ಪತ್ತು ಸಲ. ಭುಜ ಸೋಲುತ್ತದೆ, ಮಿಷನ್ ಕೆಮ್ಮುವುದೂ ಇಲ್ಲ. ಆಗ ಯಾರಾದರೂ ಒಬ್ಬರು ಸ್ಕ್ರೂಡ್ರೈವರ್ ತಂದು, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬೊರೇಟರ್‌ನ ಪಕ್ಕದಲ್ಲಿ ಕಾಣುವ ಎರಡು ಸಣ್ಣ ಸ್ಕ್ರೂಗಳನ್ನು ತಿರುಗಿಸಲು ಕೂರುತ್ತಾರೆ. ಕೆಲಸ ಕೆಡುವುದು ಅಲ್ಲೇ.

ನಾನೂ ಹಾಗೆ ಮಾಡಿದವನೇ. ಒಮ್ಮೆ ಇಡೀ ಮಧ್ಯಾಹ್ನ ಸ್ಕ್ರೂ ತಿರುಗಿಸಿ, ಮೊದಲು ಎಲ್ಲಿತ್ತು ಎನ್ನುವುದನ್ನೂ ಮರೆತು, ಸಂಜೆ ಟ್ಯಾಂಕ್ ಖಾಲಿ ಮಾಡಿ ನೋಡಿದರೆ ಒಳಗಿನ ರಬ್ಬರ್ ಪೈಪ್ ಬಿರುಕು ಬಿಟ್ಟಿತ್ತು. ಮಿಷನ್ ಪೆಟ್ರೋಲ್ ಬದಲು ಗಾಳಿ ಕುಡಿಯುತ್ತಿತ್ತು. ಟ್ಯೂನಿಂಗ್ ಅನ್ನುವುದು ಈ ಕೆಲಸದ ಕೊನೆಯ ಕಾಲು ಗಂಟೆ. ಅದಕ್ಕೆ ಮೊದಲು ಎರಡು ಗಂಟೆ ಬೇರೆ ಕೆಲಸ ಇದೆ.

ಇಲ್ಲಿ ಹೇಳುವುದು ಸ್ಟಿಲ್ ಎಂಎಸ್ 250 ಥರದ, 45 ಸಿಸಿ ಆಸುಪಾಸಿನ ಹಳೇ ಮಿಷನ್ ಇಟ್ಟುಕೊಂಡವರಿಗೆ. ಹಸ್ಕ್‌ವರ್ನಾದ ಹಳೇ ಮಾಡೆಲ್‌ಗಳಿಗೂ ಹೆಚ್ಚುಕಡಿಮೆ ಇದೇ ದಾರಿ. ಎಂ-ಟ್ರಾನಿಕ್, ಆಟೋಟ್ಯೂನ್ ಎಂದು ಬರೆದಿರುವ ಹೊಸ ಮಿಷನ್‌ಗಳು ಪೆಟ್ರೋಲನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಕೆಲವು ಚಿಕ್ಕ ಮಿಷನ್‌ಗಳಲ್ಲಿ ಐಡ್ಲಿಂಗ್ (ರೇಸ್ ಕೊಡದೆ ಇಂಜಿನ್ ಸುಮ್ಮನೆ ಓಡುವುದು) ಸ್ಕ್ರೂ ಒಂದೇ ಇರುತ್ತದೆ. ಅವುಗಳಿಗೆ ತೊಳೆಯುವ ಭಾಗ ಉಪಯೋಗವಾಗುತ್ತದೆ, ತಿರುಗಿಸುವ ಭಾಗ ಅಲ್ಲ.

ಮೊದಲು ಟ್ಯಾಂಕ್

ಟ್ಯಾಂಕ್ ಮುಚ್ಚಳ ತೆಗೆದು ಮೂಸಿ ನೋಡಿ. ಹಳೇ ವಾರ್ನಿಷ್ ವಾಸನೆ ಬಂದರೆ ಆ ಪೆಟ್ರೋಲ್ ಸತ್ತಿದೆ. ಅದನ್ನು ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಬಿಡಿ. ತಳದಲ್ಲಿ ಬೇರೆಯೇ ಒಂದು ಪದರ ಕಂಡರೆ ಅದು ನೀರು ಮತ್ತು ಎಥನಾಲ್.

ಇದು ನಮ್ಮ ಕಾಲದ ಹೊಸ ತಲೆನೋವು. ನಮ್ಮ ಪೆಟ್ರೋಲಿನಲ್ಲಿ ಎಥನಾಲ್ 2022ರಲ್ಲಿ ಶೇ. 10 ಮುಟ್ಟಿತು, 2025ಕ್ಕೆ ಶೇ. 20 ಆಯಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರವೇ? ಒಂದು ಮಿತಿ ದಾಟಿದ ಮೇಲೆ ನೀರು ಮತ್ತು ಎಥನಾಲ್ ಜೊತೆಯಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ನೀವು ಬೆರೆಸಿದ್ದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದು ತಳದಲ್ಲಿ. ಅಂದರೆ ಮಿಷನ್ ಮೊದಲು ಕುಡಿಯುವುದೇ ಆಯಿಲ್ ಇಲ್ಲದ ಆ ನೀರನ್ನು.

ಹಳೇ ಪೆಟ್ರೋಲನ್ನು ಪೂರ್ತಿ ತೆಗೆಯಿರಿ. ಹೊಸತು ಸ್ವಲ್ಪ ಹಾಕಿ ಅಲುಗಾಡಿಸಿ, ಅದನ್ನೂ ಚೆಲ್ಲಿ. ಚೆಲ್ಲುವುದು ಎಂದರೆ ಬಾವಿ ಕಟ್ಟೆಯ ಹತ್ತಿರ ಅಲ್ಲ, ಒಲೆಗೂ ಅಲ್ಲ. ತುಕ್ಕು ಹಿಡಿದ ಚೈನ್, ಜಿಡ್ಡು ಹಿಡಿದ ಬೋಲ್ಟ್ ತೊಳೆಯಲು ಅದು ಆಗುತ್ತದೆ. ಇದೆಲ್ಲ ಹೊರಗೆ, ಬಯಲಲ್ಲಿ ಆಗಲಿ. ಬೀಡಿ ಪಕ್ಕಕ್ಕಿರಲಿ.

ಬಾಗಿಸಿದ ತಂತಿಯಿಂದ ಪೈಪನ್ನು ಟ್ಯಾಂಕಿನ ಬಾಯಿಗೆ ಎಳೆದುಕೊಳ್ಳಿ. ತುದಿಯಲ್ಲಿರುವ ಫಿಲ್ಟರ್ ಕಪ್ಪಾಗಿದ್ದರೆ ತೊಳೆಯುವ ಗೋಜು ಬೇಡ, ಹೊಸತು ಹಾಕಿ. ಪೈಪನ್ನು ಎರಡು ಬೆರಳಲ್ಲಿ ಮಡಚಿ ನೋಡಿ. ಬಿರುಕು ಬಿಟ್ಟಿದ್ದರೆ, ಅಂಟಂಟಾಗಿದ್ದರೆ, ಇಲಿ ಕಡಿದಿದ್ದರೆ ಬದಲಾಯಿಸಿ. ಟ್ಯಾಂಕಿಗೆ ಗಾಳಿ ಒಳಗೆ ಬರಲು ಒಂದು ಸಣ್ಣ ದಾರಿ ಇರುತ್ತದೆ. ಅದು ಮುಚ್ಚಿಹೋದರೆ ಮಿಷನ್ ಹತ್ತು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತದೆ. ಮುಚ್ಚಳ ಸಡಿಲ ಮಾಡಿದಾಗ 'ಸುಯ್' ಎಂದು ಗಾಳಿ ಎಳೆದುಕೊಂಡರೆ ಕಳ್ಳ ಅದೇ.

ಗಾಳಿ, ಕಿಡಿ, ಒತ್ತಡ

ಏರ್ ಫಿಲ್ಟರ್ ತೆಗೆದು ತೊಳೆದು ಒಣಗಿಸಿ. ಕೊಳಕು ಫಿಲ್ಟರ್ ಇಟ್ಟುಕೊಂಡು ಟ್ಯೂನ್ ಮಾಡಿದರೆ ಮುಂದೆ ಅದನ್ನು ತೊಳೆದ ದಿನ ಎಲ್ಲ ಲೆಕ್ಕವೂ ತಪ್ಪುತ್ತದೆ. ಸೈಲೆನ್ಸರ್ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಕುಂಬಾರ ಹುಳು ಒಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ. ತಮಾಷೆಯಲ್ಲ, ಒಂದು ಇಂಜಿನ್ ಉಸಿರು ಕಟ್ಟಿಸಲು ಒಂದು ಗೂಡು ಸಾಕು. ಅಲ್ಲಿನ ಜಾಲರಿ ಮಸಿ ಹಿಡಿದಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ.

ಸೈಲೆನ್ಸರ್ ಬಿಚ್ಚುವ ತಾಳ್ಮೆ ಇದ್ದರೆ ಇನ್ನೂ ಒಳ್ಳೆಯದು. ಆ ಕಿಂಡಿಯಿಂದ ಪಿಸ್ಟನ್ ಕಾಣುತ್ತದೆ. ನಯವಾಗಿದ್ದರೆ ಸರಿ. ಉದ್ದುದ್ದ ಗೀರು ಬಿದ್ದಿದ್ದರೆ ಅದು ಹಿಂದೆಯೇ ಒಮ್ಮೆ ಸೀಜ್ ಆಗಲು, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲಲು, ಹೊರಟ ಮಿಷನ್. ಅದಕ್ಕೆ ಕಾರ್ಬೊರೇಟರ್ ಮದ್ದಲ್ಲ.

ಪ್ಲಗ್ ಬಿಚ್ಚಿ ಒರೆಸಿ, ಅದರ ಲೋಹದ ಮೈಯನ್ನು ಸಿಲಿಂಡರಿಗೆ ತಾಗಿಸಿ ಹಗ್ಗ ಎಳೆದರೆ ನೀಲಿ ಕಿಡಿ ಕಾಣಬೇಕು. ಪ್ಲಗ್ ತೂತಿನ ಹತ್ತಿರ ಹಿಡಿಯಬೇಡಿ, ಅಲ್ಲಿಂದ ಪೆಟ್ರೋಲ್ ಹಬೆ ಬರುತ್ತಿರುತ್ತದೆ. ಒತ್ತಡ ನೋಡಲು ಗೇಜ್ ಇಲ್ಲದಿದ್ದರೆ, ಪ್ಲಗ್ ವಾಪಸ್ ಹಾಕಿ, ಸ್ವಿಚ್ ಆಫ್ ಇಟ್ಟು, ಸ್ಟಾರ್ಟರ್ ಹಿಡಿಯಲ್ಲೇ ಮಿಷನ್ ಎತ್ತಿ ನೇತಾಡಿಸಿ. ತಡೆದು ತಡೆದು ನಿಧಾನ ಇಳಿದರೆ ಒತ್ತಡ ಇದೆ. ಸರ್ರನೆ ಕೆಳಗೆ ಬಂದರೆ ಇಲ್ಲ. ಒತ್ತಡ ಕಡಿಮೆ ಮಾಡುವ ಗುಂಡಿ ಇರುವ ಮಿಷನ್‌ನಲ್ಲಿ ಆ ಗುಂಡಿ ಒತ್ತಿರಬಾರದು, ಅಷ್ಟೇ.

ಇಷ್ಟೆಲ್ಲ ಸರಿ ಇದ್ದೂ ಸ್ಟಾರ್ಟ್ ಆಗದಿದ್ದರೆ ಒಂದು ಪರೀಕ್ಷೆ ಇದೆ. ಆಯಿಲ್ ಬೆರೆಸಿದ ಪೆಟ್ರೋಲನ್ನು ನಾಲ್ಕೈದು ಹನಿ ಪ್ಲಗ್ ತೂತಿನೊಳಗೆ ಬಿಟ್ಟು, ಪ್ಲಗ್ ಹಾಕಿ ಎಳೆಯಿರಿ. ಎರಡು ಸೆಕೆಂಡ್ ಗುಡುಗಿ ಸತ್ತಿತೇ? ಹಾಗಾದರೆ ಇಂಜಿನ್ ಗಟ್ಟಿ, ಊಟ ಮಾತ್ರ ಬರುತ್ತಿಲ್ಲ. ಈಗ ಕಾರ್ಬೊರೇಟರ್ ಬಿಚ್ಚಬಹುದು.

ಒಳಗೇನಿದೆ

ಬೈಕಿನ ಹಳೇ ಕಾರ್ಬೊರೇಟರ್ ಬಿಚ್ಚಿ ಅಭ್ಯಾಸ ಇದ್ದವರು ಇಲ್ಲಿ ಫ್ಲೋಟ್ (ಪೆಟ್ರೋಲಿನ ಮೇಲೆ ತೇಲುವ ಬುರುಡೆ) ಹುಡುಕುತ್ತಾರೆ. ಇಲ್ಲ. ಚೈನ್ ಸಾ ಅಡ್ಡ, ತಲೆಕೆಳಗು, ಹೇಗೆ ಹಿಡಿದರೂ ಓಡಬೇಕು. ಅದಕ್ಕೇ ಇದರಲ್ಲಿ ಎರಡು ತೆಳು ಪರದೆಗಳಿವೆ, ಡಯಾಫ್ರಮ್ ಅನ್ನುತ್ತಾರೆ. ಒಂದು ಪಂಪಿನದು. ಪಿಸ್ಟನ್ ಮೇಲೆ ಕೆಳಗೆ ಆಡಿದಾಗ ಅದರ ಕೆಳಗಿನ ಕೋಣೆಯಲ್ಲಿ, ಅಂದರೆ ಕ್ರ್ಯಾಂಕ್‌ಕೇಸಿನಲ್ಲಿ, ಏಳುವ ಒತ್ತಡದ ಅಲೆಯೇ ಅದನ್ನು ಬಡಿಸಿ ಟ್ಯಾಂಕಿನಿಂದ ಪೆಟ್ರೋಲ್ ಎಳೆಸುತ್ತದೆ. ಇನ್ನೊಂದು ಅಳತೆಯದು. ಇಂಜಿನ್ ಗಾಳಿ ಎಳೆದಾಗ ಅದು ಒಳಕ್ಕೆ ಬಾಗಿ ಒಂದು ಸಣ್ಣ ಲಿವರ್ ಒತ್ತುತ್ತದೆ, ಸೂಜಿ ಎದ್ದು ಬೇಕಾದಷ್ಟೇ ಪೆಟ್ರೋಲ್ ಬಿಡುತ್ತದೆ.

ಹೊಸ ಡಯಾಫ್ರಮ್ ರೇಷ್ಮೆಯ ಹಾಗೆ ಸದ್ದಿಲ್ಲದೆ ಬಾಗುತ್ತದೆ. ವರ್ಷಗಟ್ಟಲೆ ಒಣಗಿದ್ದು ಹಪ್ಪಳದ ಹಾಗೆ ಚಟಚಟ ಅನ್ನುತ್ತದೆ. ಅಂಥದ್ದು ಸೂಜಿಯನ್ನು ಪೂರ್ತಿ ಎತ್ತಲಾರದು. ಎಷ್ಟು ಸ್ಕ್ರೂ ತಿರುಗಿಸಿದರೂ ಮಿಷನ್‌ಗೆ ಪೆಟ್ರೋಲ್ ಸಾಲದು. ಮೂಲೆ ಸೇರಿದ ಮಿಷನ್‌ಗಳಲ್ಲಿ ನಾನು ಅತಿ ಹೆಚ್ಚು ಕಂಡ ಕಾಯಿಲೆ ಇದೇ.

ಬಿಚ್ಚಿ ತೊಳೆಯುವುದು

ಬಿಳಿ ಬಟ್ಟೆ ಹಾಸಿಕೊಳ್ಳಿ. ಹೆಜ್ಜೆ ಹೆಜ್ಜೆಗೂ ಫೋನಿನಲ್ಲಿ ಫೋಟೊ ತೆಗೆಯಿರಿ. ನೆನಪಿರುತ್ತದೆ ಅಂದುಕೊಂಡವರು ಕೊನೆಗೆ ಒಂದು ಗ್ಯಾಸ್ಕೆಟ್ ಕೈಯಲ್ಲಿ ಹಿಡಿದು ಕೂರುತ್ತಾರೆ.

ಕಾರ್ಬೊರೇಟರ್ ಮೈಮೇಲೆ ವಾಲ್ಬ್ರೊ ಅಥವಾ ಜಾಮಾ ಎಂಬ ಹೆಸರು, ಜೊತೆಗೆ ಒಂದು ನಂಬರ್ ಕೆತ್ತಿರುತ್ತದೆ. ರಿಪೇರಿ ಕಿಟ್ (ಬದಲಾಯಿಸುವ ಬಿಡಿಭಾಗಗಳ ಪೊಟ್ಟಣ) ತರಬೇಕಾದದ್ದು ಆ ನಂಬರ್ ಹೇಳಿ, ಮಿಷನ್ ಮಾಡೆಲ್ ಹೇಳಿ ಅಲ್ಲ. ಒಂದೇ ಮಾಡೆಲ್‌ಗೆ ಬೇರೆ ಬೇರೆ ಕಾರ್ಬೊರೇಟರ್ ಬಂದಿರುತ್ತದೆ. ಕಿಟ್ ಎರಡು ಥರ ಸಿಗುತ್ತದೆ. ಡಯಾಫ್ರಮ್, ಗ್ಯಾಸ್ಕೆಟ್ ಮಾತ್ರ ಇರುವುದು ಒಂದು, ಸೂಜಿ, ಲಿವರ್, ಜಾಲರಿ ಎಲ್ಲ ಇರುವುದು ಇನ್ನೊಂದು. ವರ್ಷಗಟ್ಟಲೆ ನಿಂತ ಮಿಷನ್‌ಗೆ ಎರಡನೆಯದೇ ಲಾಭ.

ಸ್ಕ್ರೂ ಬಿಚ್ಚುವ ಮೊದಲು ಎಲ್ ಮತ್ತು ಎಚ್ ಎಂದು ಬರೆದ ಎರಡನ್ನೂ ಒಂದೊಂದಾಗಿ ಬಲಕ್ಕೆ ತಿರುಗಿಸಿ, ತಳಕ್ಕೆ ತಾಗುವವರೆಗೆ ಎಷ್ಟು ಸುತ್ತು ಆಯಿತು ಎಂದು ಎಣಿಸಿ ಬರೆದಿಡಿ. ತಾಗಿದ ಕೂಡಲೇ ನಿಲ್ಲಿಸಿ. ಇನ್ನೂ ಒತ್ತಿದರೆ ಸ್ಕ್ರೂವಿನ ಮೊನೆ ಕೂರುವ ಜಾಗ ಹಾಳಾಗುತ್ತದೆ, ಆಮೇಲೆ ಆ ಕಾರ್ಬೊರೇಟರ್ ಯಾವತ್ತೂ ಸರಿಯಾಗಿ ಟ್ಯೂನ್ ಆಗದು. ಎರಡರ ಮೊನೆಯೂ ಬೇರೆ ಬೇರೆ, ಅದಲು ಬದಲು ಮಾಡಬೇಡಿ. ಕೆಲವು ಸ್ಕ್ರೂಗೆ ಪ್ಲಾಸ್ಟಿಕ್ ಟೊಪ್ಪಿ ಇದ್ದು ಪೂರ್ತಿ ಸುತ್ತು ತಿರುಗುವುದಿಲ್ಲ. ಕೆಲವಕ್ಕೆ ಹಲ್ಲುಹಲ್ಲಾದ ತಲೆ ಇದ್ದು ಅದಕ್ಕೇ ಆದ ಸಣ್ಣ ಟೂಲ್ ಬೇಕು. ಕಟಿಂಗ್ ಪ್ಲೇಯರ್ ಹಾಕಿ ಗುದ್ದಾಡಬೇಡಿ.

ಪಂಪ್ ಕಡೆಯ ಮುಚ್ಚಳಕ್ಕೆ ಸಾಮಾನ್ಯವಾಗಿ ಒಂದೇ ಸ್ಕ್ರೂ. ತೆಗೆದಾಗ ಒಳಗೆ ಪುಟ್ಟ ಜಾಲರಿ ಕಾಣುತ್ತದೆ. ಸೂಜಿಯಿಂದ ಮೆಲ್ಲಗೆ ಎತ್ತಿ ತೊಳೆಯಿರಿ. ಹಳೇ ಪೆಟ್ರೋಲ್ ಒಣಗಿ ಬೆಲ್ಲದ ಪಾಕದಂತೆ ಅಂಟಿರುವುದು ಇಲ್ಲೇ. ಇನ್ನೊಂದು ಕಡೆ ನಾಲ್ಕು ಸ್ಕ್ರೂ ಬಿಚ್ಚಿದರೆ ಅಳತೆ ಡಯಾಫ್ರಮ್, ಅದರ ಕೆಳಗೆ ಲಿವರ್. ಲಿವರ್ ಬಿಚ್ಚುವ ಮೊದಲು ಅದು ಎಷ್ಟು ಎತ್ತರದಲ್ಲಿ ಕೂತಿದೆ ಎಂದು ಅಡ್ಡಲಾಗಿ ಒಂದು ಉಕ್ಕಿನ ಸ್ಕೇಲ್ ಇಟ್ಟು ಫೋಟೊ ತೆಗೆದುಕೊಳ್ಳಿ. ಹೊಸತು ಹಾಕಿದಾಗಲೂ ಅಷ್ಟೇ ಎತ್ತರ ಇರಬೇಕು. ಎತ್ತರ ಜಾಸ್ತಿಯಾದರೆ ಪೆಟ್ರೋಲ್ ಉಕ್ಕುತ್ತದೆ, ಕಡಿಮೆಯಾದರೆ ಸಾಲದು. ಲಿವರ್ ಕೆಳಗೆ ಸಣ್ಣ ಸ್ಪ್ರಿಂಗ್ ಇದೆ. ಬಿಚ್ಚುವಾಗ ಬೆರಳು ಅಡ್ಡ ಇಡಿ, ಇಲ್ಲದಿದ್ದರೆ ಅದು ಹಾರಿ ಅಂಗಳದ ಹುಲ್ಲು ಸೇರುತ್ತದೆ.

ರಬ್ಬರ್, ಪ್ಲಾಸ್ಟಿಕ್ ಎಲ್ಲ ತೆಗೆದ ಮೇಲೆ ಪ್ರತಿ ತೂತಿಗೂ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಕನ್ನಡಕ ಹಾಕಿಕೊಳ್ಳಿ. ಈ ಕಡೆ ಹೊಡೆದದ್ದು ಆ ಕಡೆಯಿಂದ ಕಣ್ಣಿಗೇ ಚಿಮ್ಮುತ್ತದೆ. ತೂತಿನೊಳಗೆ ತಂತಿ, ಸೇಫ್ಟಿ ಪಿನ್ ತೂರಿಸಬೇಡಿ. ಕೂದಲೆಳೆಯಷ್ಟು ಅಗಲವಾದರೂ ಅಳತೆ ಕೆಡುತ್ತದೆ. ಪಾಕ ಕರಗದಿದ್ದರೆ ಸ್ಪ್ರೇ ಹೊಡೆದು ಒಂದು ರಾತ್ರಿ ಮುಚ್ಚಿದ ಡಬ್ಬಿಯಲ್ಲಿಡಿ.

ಜೋಡಿಸುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ವಾಲ್ಬ್ರೊ, ಜಾಮಾಗಳಲ್ಲಿ ಹೆಚ್ಚಿನವುಗಳ ಕ್ರಮ ಹೀಗೆ: ಪಂಪ್ ಕಡೆ ಮೊದಲು ಡಯಾಫ್ರಮ್, ಅದರ ಮೇಲೆ ಗ್ಯಾಸ್ಕೆಟ್. ಅಳತೆ ಕಡೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಮ್. ನಿಮ್ಮ ಫೋಟೊ ಬೇರೆ ಹೇಳಿದರೆ ಫೋಟೊವನ್ನೇ ನಂಬಿ.

ಮನೆಯಲ್ಲಿ ಹಳೇ ಬಿಪಿ ನೋಡುವ ಸಾಧನ ಇದೆಯೇ? ಅದರ ಬಲ್ಬ್ ಮತ್ತು ಗೇಜನ್ನು ಪೆಟ್ರೋಲ್ ಬರುವ ನಳಿಕೆಗೆ ಜೋಡಿಸಿ 300ರವರೆಗೆ ಒತ್ತಿ. ಅದು ಸುಮಾರು 0.4 ಬಾರ್. ಮುಳ್ಳು ಅಲ್ಲೇ ನಿಂತರೆ ಸೂಜಿ ಸರಿಯಾಗಿ ಮುಚ್ಚುತ್ತಿದೆ ಎನ್ನಬಹುದು. ಮೆಕ್ಯಾನಿಕ್‌ಗಳು ಇನ್ನೂ ಜಾಸ್ತಿ ಒತ್ತಡ ಕೊಟ್ಟು ನೋಡುತ್ತಾರೆ, ಆದರೂ ಮನೆ ಮಟ್ಟಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅಜ್ಜನ ಬಿಪಿ ಸಾಧನಕ್ಕೆ ಪೆಟ್ರೋಲ್ ವಾಸನೆ ಹತ್ತಿದರೆ ಬೈಸಿಕೊಳ್ಳುವುದು ನೀವು.

ವಾಪಸ್ ಕೂರಿಸುವಾಗ ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್, ಒತ್ತಡದ ಅಲೆ ಬರುವ ಸಣ್ಣ ಪೈಪ್ ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ಇಲ್ಲಿ ಬಿರುಕಿದ್ದರೆ ಮಿಷನ್ ಕಳ್ಳ ಗಾಳಿ ಎಳೆಯುತ್ತದೆ.

ಪೆಟ್ರೋಲ್ ಬೆರೆಸುವುದು

ಹೊಸ ಪೆಟ್ರೋಲ್, ಅದೇ ವಾರ ತಂದದ್ದು. ಕಂಪನಿಯ ಒಳ್ಳೇ ಟೂ ಸ್ಟ್ರೋಕ್ ಆಯಿಲ್ ಆದರೆ 50ಕ್ಕೆ 1, ಅಂದರೆ ಲೀಟರಿಗೆ 20 ಎಂ.ಎಲ್. ಸಾಮಾನ್ಯ 2ಟಿ ಆಯಿಲ್ ಆದರೆ 25ಕ್ಕೆ 1, ಲೀಟರಿಗೆ 40 ಎಂ.ಎಲ್. ಕಣ್ಣಳತೆ ಬೇಡ, ಔಷಧಿ ಅಂಗಡಿಯ ಸಿರಿಂಜ್ ಸಾಕು. 'ಆಯಿಲ್ ಜಾಸ್ತಿ ಹಾಕಿದರೆ ಇಂಜಿನ್‌ಗೆ ಒಳ್ಳೇದು' ಎಂದು ಸುಮ್ನೆ ಸುರಿಯುವವರಿದ್ದಾರೆ. ಆಯಿಲ್ ಜಾಸ್ತಿಯಾದಷ್ಟೂ ಅದೇ ತೂತಿನಲ್ಲಿ ಹೋಗುವ ಪೆಟ್ರೋಲ್ ಕಮ್ಮಿಯಾಗುತ್ತದೆ. ಯಾವ ಅಳತೆಯಲ್ಲಿ ಟ್ಯೂನ್ ಮಾಡುತ್ತೀರೋ ಮುಂದೆಯೂ ಅದನ್ನೇ ಹಾಕಬೇಕು.

ಈಗ ಸ್ಕ್ರೂಡ್ರೈವರ್

ಸ್ಕ್ರೂ ಮೂರು. ಎಲ್ ನಿಧಾನ ಓಟಕ್ಕೆ, ಎಚ್ ಪೂರ್ತಿ ಓಟಕ್ಕೆ. ಮೂರನೆಯದು ಐಡ್ಲಿಂಗ್, ಸ್ಟಿಲ್‌ನಲ್ಲಿ ಎಲ್‌ಎ, ಹಸ್ಕ್‌ವರ್ನಾದಲ್ಲಿ ಟಿ. ಎಲ್, ಎಚ್ ಎರಡೂ ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಮ್ಮಿ, ಎಡಕ್ಕೆ ತಿರುಗಿಸಿದರೆ ಜಾಸ್ತಿ. ಐಡ್ಲಿಂಗ್ ಸ್ಕ್ರೂ ಪೆಟ್ರೋಲ್ ಮುಟ್ಟುವುದೇ ಇಲ್ಲ. ಅದು ಥ್ರಾಟಲ್ ಬಾಗಿಲನ್ನು ಒಂಚೂರು ತೆರೆದಿಡುತ್ತದೆ, ಅಷ್ಟೇ.

ಮ್ಯಾನ್ಯುಯಲ್ ಇದ್ದರೆ ಅದರ ಲೆಕ್ಕವೇ ಮೊದಲು. ಇಲ್ಲದಿದ್ದರೆ ಟೊಪ್ಪಿ ಇಲ್ಲದ ಹಳೇ ಕಾರ್ಬೊರೇಟರ್‌ಗಳಲ್ಲಿ ಎಲ್, ಎಚ್ ಎರಡನ್ನೂ ತಳಕ್ಕೆ ತಾಗಿಸಿ ಒಂದೊಂದು ಸುತ್ತು ಎಡಕ್ಕೆ ಬಿಡಿ. ನೀವು ಎಣಿಸಿ ಬರೆದಿಟ್ಟ ಹಳೇ ಲೆಕ್ಕ ಇದೆಯಲ್ಲ, ಅದನ್ನು ಪೂರ್ತಿ ನಂಬಬೇಡಿ. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಹಾಗಾಗಿ ಅದೇ ಗಾಳಿಗೆ ಈಗಿನ ಪೆಟ್ರೋಲ್ ಸ್ವಲ್ಪ ಜಾಸ್ತಿಯೇ ಬೇಕು. ಎಥನಾಲ್ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ ಶೇ. 20 ಮಿಶ್ರಣಕ್ಕೆ ಸುಮಾರು ಶೇ. 8ರಷ್ಟು ಜಾಸ್ತಿ. ಹತ್ತು ವರ್ಷದ ಹಿಂದೆ ಸರಿಯಿದ್ದ ಸ್ಕ್ರೂ ಇವತ್ತು ಪೆಟ್ರೋಲ್ ಕಮ್ಮಿ ಕೊಡುತ್ತದೆ. ಮೊದಲಿನ ಗುರುತಿಗೇ ಇಟ್ಟೆ, ಆದರೂ ಸೀಜ್ ಆಯಿತು ಎನ್ನುವ ಮಾತು ಈಚೆಗೆ ಕೇಳುತ್ತಿರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ), ಚೈನ್ ಹಾಕಿರಬೇಕು. ಚೈನ್ ತೀರಾ ಬಿಗಿ ಇರಬಾರದು. ಮಿಷನ್ ನೆಲದ ಮೇಲೆ, ಬಾರಿನ ತುದಿ ಯಾವುದಕ್ಕೂ ತಾಗದಂತೆ ಇಟ್ಟು ಸ್ಟಾರ್ಟ್ ಮಾಡಿ. ಐದು ನಿಮಿಷ ಬಿಸಿಯಾಗಲಿ. ತಣ್ಣಗಿನ ಇಂಜಿನ್ ಟ್ಯೂನ್ ಮಾಡುವುದು ದಂಡ.

ಮೊದಲು ಎಲ್. ನಿಧಾನವಾಗಿ ಬಲಕ್ಕೆ ತಿರುಗಿಸುತ್ತಾ ಹೋಗಿ. ಓಟ ಏರುತ್ತದೆ, ಒಂದು ಹಂತದಲ್ಲಿ ತಡವರಿಸಲು ಶುರುವಾಗುತ್ತದೆ. ಅಲ್ಲಿಂದ ಎಡಕ್ಕೆ ಬನ್ನಿ, ಓಟ ಅತಿ ಹೆಚ್ಚಿದ್ದ ಜಾಗ ಸಿಗುತ್ತದೆ. ಅದಕ್ಕಿಂತ ಕಾಲು ಸುತ್ತು ಎಡಕ್ಕೆ ನಿಲ್ಲಿಸಿ. ಈಗ ಫಟ್ಟನೆ ರೇಸ್ ಕೊಡಿ. ಕೂಡಲೇ ಏರಿದರೆ ಸರಿ. 'ಬೋ...' ಎಂದು ಕುಸಿದು ಆಮೇಲೆ ಏರಿದರೆ ಪೆಟ್ರೋಲ್ ಸಾಲದು, ಅರೆಕಾಲು ಸುತ್ತು ಎಡಕ್ಕೆ. ಹೊಗೆ ಬಿಟ್ಟು ಗುಳುಗುಳು ಎಂದು ಏರಿದರೆ ಜಾಸ್ತಿ, ಒಂಚೂರು ಬಲಕ್ಕೆ.

ಆಮೇಲೆ ಐಡ್ಲಿಂಗ್. ಚೈನ್ ಪೂರ್ತಿ ನಿಲ್ಲಬೇಕು, ಇಂಜಿನ್ ನಿಲ್ಲಬಾರದು. ಎಂಎಸ್ 250ಕ್ಕೆ ಇದು ನಿಮಿಷಕ್ಕೆ 2800 ಸುತ್ತು. ಮಿಷನನ್ನು ಎಡಕ್ಕೆ, ಬಲಕ್ಕೆ, ಮೂತಿ ಕೆಳಗೆ ಮಾಡಿ ನೋಡಿ, ಎಲ್ಲದರಲ್ಲೂ ಒಂದೇ ಸದ್ದು ಇರಬೇಕು. ಕೈ ಬಿಟ್ಟಾಗಲೂ ಚೈನ್ ತಿರುಗುತ್ತಿರುವ ಮಿಷನ್ ಹಿಡಿದು ಯಾರನ್ನೂ ಮರ ಹತ್ತಿಸಬೇಡಿ.

ಎಚ್ ಸ್ಕ್ರೂ: ಕಿವಿಯ ಕೆಲಸ

ಪಿಸ್ಟನ್ ಉಳಿಯುವುದೋ ಸಾಯುವುದೋ ತೀರ್ಮಾನವಾಗುವುದು ಇಲ್ಲಿ. ನಿಮಿಷಕ್ಕೆ 13–14 ಸಾವಿರ ಸುತ್ತು ಓಡುವ ಇಂಜಿನ್‌ಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಮ್ಮಿಯಾದರೆ ಬಿಸಿ ಜಾಸ್ತಿ, ಆಯಿಲ್ ಕಮ್ಮಿ, ಎರಡೂ ಒಟ್ಟಿಗೆ. ಮೋಸ ಏನೆಂದರೆ, ಆ ಹೊತ್ತಿನಲ್ಲೇ ಮಿಷನ್ ಕೇಳಲು ಬಹಳ ಚುರುಕು ಅನ್ನಿಸುತ್ತದೆ. 'ಈಯ್ಞ್' ಎಂದು ತೆಳ್ಳಗೆ, ಎತ್ತರಕ್ಕೆ ಕೂಗುತ್ತದೆ. ನನ್ನ ಮೊದಲ ಮಿಷನನ್ನು ನಾನು ಹಾಗೆ ಕೂಗಿಸಿ ಖುಷಿಪಟ್ಟೆ. ಎರಡನೇ ಸಿಲ್ವರ್ ಓಕ್ ಕಾಂಡದ ನಡುವೆ ಅದು ಗಕ್ಕನೆ ನಿಂತಿತು. ಮತ್ತೆ ತಿರುಗಲೇ ಇಲ್ಲ.

ಹಾಗಾಗಿ ಯಾವಾಗಲೂ ಪೆಟ್ರೋಲ್ ಜಾಸ್ತಿ ಇರುವ ಕಡೆಯಿಂದ ಶುರು ಮಾಡಿ. ಎಚ್ ಅನ್ನು ಕಾಲು ಸುತ್ತು ಇನ್ನೂ ಎಡಕ್ಕೆ ಬಿಡಿ. ಪೂರ್ತಿ ರೇಸ್ ಕೊಟ್ಟು ಎರಡು ಮೂರು ಸೆಕೆಂಡ್ ಕೇಳಿ, ಬಿಡಿ. ಅದಕ್ಕಿಂತ ಜಾಸ್ತಿ ಹೊತ್ತು ಖಾಲಿ ರೇಸ್ ಕೊಡಬೇಡಿ. ಸದ್ದು ಒಡೆದೊಡೆದು, ಗಂಟಲು ಕಟ್ಟಿದವರ ಹಾಗೆ ಬರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಫೋರ್ ಸ್ಟ್ರೋಕಿಂಗ್ ಅನ್ನುತ್ತಾರೆ. ಪೆಟ್ರೋಲ್ ಜಾಸ್ತಿಯಾಗಿ ಒಂದೊಂದು ಸಲ ಉರಿ ತಪ್ಪುವ ಸದ್ದು ಅದು. ಅರೆಕಾಲು ಸುತ್ತು ಬಲಕ್ಕೆ, ಮತ್ತೆ ಕೇಳಿ. ಒಡಕು ಕಡಿಮೆಯಾಗುತ್ತಾ ಬರುತ್ತದೆ. ಪೂರ್ತಿ ಹೋಗುವ ಮೊದಲೇ ನಿಲ್ಲಿಸಿ.

ಈಗ ಒಂದು ದಿಮ್ಮಿಗೆ ಹಚ್ಚಿ. ಚೈನ್ ಚೂಪಾಗಿರಲಿ. ಕುಯ್ಯುವಾಗ ಸದ್ದು ಶುದ್ಧವಾಗಬೇಕು, ಒಂದೇ ಎಳೆಯಾಗಬೇಕು. ಮರದಿಂದ ಸ್ವಲ್ಪ ಎತ್ತಿದ ತಕ್ಷಣ ಆ ಒಡಕು ವಾಪಸ್ ಬರಬೇಕು. ಎತ್ತಿದಾಗಲೂ ಒಡಕು ಬರದಿದ್ದರೆ ಪೆಟ್ರೋಲ್ ಕಮ್ಮಿ, ಎಡಕ್ಕೆ ಬಿಡಿ. ಕುಯ್ಯುವಾಗಲೂ ಒಡಕೇ ಇದ್ದರೆ ಒಂಚೂರು ಬಲಕ್ಕೆ. ಎರಡರ ನಡುವೆ ಅನುಮಾನ ಬಂದರೆ ಎಡಕ್ಕೇ ಇರಲಿ. ಪ್ಲಗ್ ಕಪ್ಪಾದರೆ ಒರೆಸಬಹುದು, ಪಿಸ್ಟನ್ ಒರೆಸಲು ಆಗುವುದಿಲ್ಲ.

ಓಟ ಮಿತಿ ಮೀರದಂತೆ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ತಾನೇ ಕಿಡಿ ನಿಲ್ಲಿಸುವ ಮಿಷನ್‌ಗಳೂ ಇವೆ. ಅಲ್ಲಿ ಕೇಳುವ ಒಡಕು ಪೆಟ್ರೋಲಿನದೋ ಕಾಯಿಲ್‌ನದೋ ಕಿವಿಗೆ ತಿಳಿಯುವುದಿಲ್ಲ. ಅಂಥದ್ದಕ್ಕೆ ಪ್ಲಗ್ ವೈರಿಗೆ ಸುತ್ತುವ ಟ್ಯಾಕೋಮೀಟರ್ ಬೇಕು. ಅದನ್ನು ಒಂದು ಸುತ್ತಿಗೆ ಒಂದು ಕಿಡಿ ಎಂಬ ಲೆಕ್ಕಕ್ಕೆ ಇಡಿ, ಇಲ್ಲದಿದ್ದರೆ ಅದು ದುಪ್ಪಟ್ಟೋ ಅರ್ಧವೋ ತೋರಿಸುತ್ತದೆ. ಮ್ಯಾನ್ಯುಯಲ್‌ನ ಗರಿಷ್ಠ ಓಟಕ್ಕಿಂತ ಕೆಳಗೇ ನಿಲ್ಲಿಸಿ.

ಎಚ್ ಆದ ಮೇಲೆ ಎಲ್, ಐಡ್ಲಿಂಗ್ ಇನ್ನೊಮ್ಮೆ ನೋಡಿ. ಒಂದು ಬದಲಾದರೆ ಇನ್ನೊಂದು ಸ್ವಲ್ಪ ಜರಗುತ್ತದೆ.

ಟ್ಯೂನಿಂಗ್ ಮಾಡುವುದು ಕೆಲಸ ಮಾಡುವ ಜಾಗದಲ್ಲೇ ಆಗಬೇಕು. ಸಮುದ್ರ ಮಟ್ಟಕ್ಕಿಂತ ಸಾವಿರ ಮೀಟರ್ ಮೇಲೆ ಗಾಳಿ ಸುಮಾರು ಶೇ. 10ರಷ್ಟು ತೆಳು. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿ ಮಡಿಕೇರಿಗೆ ತಂದರೆ ಹೊಗೆ ಜಾಸ್ತಿ, ಶಕ್ತಿ ಕಮ್ಮಿ, ಅಷ್ಟರಲ್ಲೇ ಮುಗಿಯಿತು. ಮಡಿಕೇರಿಯಲ್ಲಿ ಟ್ಯೂನ್ ಮಾಡಿ ಘಟ್ಟ ಇಳಿಸಿದರೆ ಪೆಟ್ರೋಲ್ ಸಾಲದೆ ಸೀಜ್ ಆಗುವ ಭಯ. ನೆಂಟರಿಗೆ ಮಿಷನ್ ಸಾಲ ಕೊಡುವಾಗ ಇದನ್ನೂ ಹೇಳಿ ಕೊಡಿ.

ಸ್ಕ್ರೂ ಕೈಗೆ ಸಿಗದಿದ್ದರೆ

ಐಡ್ಲಿಂಗ್ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ, ರೇಸ್ ಬಿಟ್ಟರೂ ಓಟ ಇಳಿಯಲು ತಡ ಮಾಡುತ್ತದೆ, ಸ್ಕ್ರೂ ಎರಡು ಸುತ್ತು ಬಿಟ್ಟರೂ ಸಾಲದು. ಇವೆಲ್ಲ ಕಳ್ಳ ಗಾಳಿಯ ಲಕ್ಷಣ. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬೂಟ್ ಇಲ್ಲವೇ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್ ಒಣಗಿ ಒಡೆದಿರುತ್ತದೆ. ಎಡಕ್ಕೆ ತಿರುಗಿಸಿ ಇದನ್ನು ಮುಚ್ಚಿಹಾಕಬೇಡಿ. ಕ್ರ್ಯಾಂಕ್‌ಕೇಸಿಗೆ ಗಾಳಿ ತುಂಬಿಸಿ ಸೋರಿಕೆ ನೋಡುವ ಪಂಪ್ ಇರುವ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಮಿಷನ್ ಅಲುಗಾಡಿಸದೆ ಸುಮ್ಮನೆ ಇಟ್ಟಾಗಲೂ ಏರ್ ಫಿಲ್ಟರ್ ಕಡೆ ಪೆಟ್ರೋಲ್ ಒದ್ದೆಯಾದರೆ ಸೂಜಿ ಮುಚ್ಚುತ್ತಿಲ್ಲ, ಇನ್ನೊಮ್ಮೆ ಬಿಚ್ಚಿ.

ಮತ್ತೆ ಅಟ್ಟಕ್ಕೆ

ಮರಗಸಿ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ. ಮಿಷನ್ ಸ್ಟಾರ್ಟ್ ಮಾಡಿ, ರೇಸ್ ಕೊಡದೆ ಐಡ್ಲಿಂಗ್‌ನಲ್ಲಿ ತಾನಾಗಿ ನಿಲ್ಲುವವರೆಗೆ ಬಿಡಿ. ಸೈಲೆನ್ಸರ್ ತಣ್ಣಗಾದ ಮೇಲೆ ಅದರ ಬಾಯಿಗೆ ಬಟ್ಟೆಯ ಉಂಡೆ ತುರುಕಿ, ಕುಂಬಾರ ಹುಳುವಿಗೆ ಬಾಗಿಲು ಹಾಕಿ. ಉಂಡೆಗೆ ಉದ್ದದ ಕೆಂಪು ದಾರ ಕಟ್ಟಿಡಿ, ಮುಂದಿನ ವರ್ಷ ಮರೆತು ಸ್ಟಾರ್ಟ್ ಮಾಡುವುದು ತಪ್ಪುತ್ತದೆ. ಏರ್ ಫಿಲ್ಟರ್ ಮುಚ್ಚಳದ ಒಳಮೈಯಲ್ಲಿ ಮಾರ್ಕರ್‌ನಿಂದ ಬರೆಯಿರಿ: ತಾರೀಖು, ಎಲ್ ಎಷ್ಟು ಸುತ್ತು, ಎಚ್ ಎಷ್ಟು ಸುತ್ತು, ಲೀಟರಿಗೆ ಎಷ್ಟು ಆಯಿಲ್. ನನ್ನ ಮುಚ್ಚಳದಲ್ಲಿ ಈಗ ನಾಲ್ಕು ಸಾಲು ಇದೆ. ಒಂದರ ಎಚ್ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.